ಹಂಚಿನ ಮೇಲಿನ ಇಸವಿ

ಉಡುಪಿಗೂ ಮೂಲ್ಕಿಗೂ ನಡುವೆ, ಹೆದ್ದಾರಿಯನ್ನು ಬಿಟ್ಟು ಮೂಡಲಿಗೆ ನಾಲ್ಕಾರು ಮೈಲಿ ಒಳಗೆ ಹೋದರೆ, ಬಯಲುಗದ್ದೆ ಮುಗಿದು ಮುರಕಲ್ಲಿನ ಗುಡ್ಡ ಏರತೊಡಗುವ ಎಡೆಯಲ್ಲಿ ಒಂದು ಹಳೆಯ ದೇವಾಲಯವಿದೆ. ಗೋಪುರವಿಲ್ಲ, ಧ್ವಜಸ್ತಂಭವಿಲ್ಲ. ಸುಣ್ಣ ಬಳಿದ ಗೋಡೆ, ಕಮಾನಿನ ಕಿಟಕಿಗಳು, ಕೆಂಪು ಹಂಚಿನ ಮಾಡು, ಅಂಗಳದಲ್ಲಿ ಎರಡು ಕಂಬಗಳ ನಡುವೆ ತೂಗುವ ಒಂದು ಗಂಟೆ. ಇಷ್ಟೇ ಅದರ ವೈಭವ. ಕರಾವಳಿಯ ಪ್ರಾಟೆಸ್ಟೆಂಟ್ ಕ್ರೈಸ್ತರು ತಮ್ಮ ಪ್ರಾರ್ಥನಾಮಂದಿರವನ್ನು ದೇವಾಲಯವೆಂದೇ ಕರೆಯುತ್ತಾರೆ. ಇಗರ್ಜಿಯೆಂಬುದು ಅಲ್ಲಿ ರೋಮನ್ ಕೆಥೊಲಿಕರ ಮಾತು.

"ಇದು ೧೮೬೫ನೆಯ ಇಸವಿಯದು, ನೋಡಿ ಸರ್," ಎಂದು ಬಾಗಿಲಲ್ಲಿ ಎದುರುಗೊಂಡ ತರುಣನೊಬ್ಬ, ದುರಸ್ತಿಗೆಂದು ಇಳಿಸಿಟ್ಟಿದ್ದ ಹಂಚೊಂದನ್ನು ತಿರುವಿ ತೋರಿಸಿದ. ಹಂಚಿನ ಮೈಯಲ್ಲಿ ಬಾಸೆಲ್ ಮಿಷನ್ ಕಾರ್ಖಾನೆಯ ಮುದ್ರೆಯೂ ಅದರೊಡನೆ ೧೮೬೫ ಎಂಬ ಅಂಕೆಗಳೂ ಸ್ಪಷ್ಟವಾಗಿದ್ದವು. ಒಳಗಿನ ಬೆಂಚಿನ ಮೇಲೆ ಕುಳಿತಿದ್ದ ತೊಂಬತ್ತೊಂದು ವರ್ಷದ ಅಜ್ಜ ಮೆಲ್ಲನೆ ನಕ್ಕರು.

"ಅದು ಹಂಚಿನ ಕಾರ್ಖಾನೆ ಹುಟ್ಟಿದ ಇಸವಿ ಮಗಾ, ದೇವಾಲಯದ್ದಲ್ಲ. ಎಷ್ಟು ವರ್ಷ ಕಳೆದ ಮೇಲೆ ಸುಟ್ಟ ಹಂಚಿಗೂ ಅದೇ ಇಸವಿ ಒತ್ತುತ್ತಿದ್ದರು."

"ಹಾಗಾದರೆ ದೇವಾಲಯ ಯಾವಾಗಿನದು ಅಜ್ಜ?"

"ಅದನ್ನು ಹಂಚು ಹೇಳುವುದಿಲ್ಲ. ನಾವು ಹೇಳಬೇಕು. ನಾವು ಹೋದ ಮೇಲೆ ಹೇಳುವವರಿಲ್ಲ."

ಅಜ್ಜನ ಈ ಮಾತನ್ನು ಕೇಳುವುದಕ್ಕಾಗಿಯೇ ನಾನು ಅಲ್ಲಿಗೆ ಹೋಗಿದ್ದೆನೆಂದರೆ ತಪ್ಪಾಗದು. ಕನ್ನಡ ಪಾಠ ಹೇಳುವವನಿಗೆ ಬಾಸೆಲ್ ಮಿಷನ್ ಅಪರಿಚಿತವಲ್ಲ. ೧೮೪೩ನೆಯ ಜುಲೈ ಒಂದರಂದು 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದ ಮೋಗ್ಲಿಂಗ್, ೧೮೯೪ರಲ್ಲಿ ಮಹಾನಿಘಂಟನ್ನು ಮುಗಿಸಿಕೊಟ್ಟ ಕಿಟ್ಟೆಲ್, ಇವರ ಹೆಸರುಗಳನ್ನು ನಾವು ವಿದ್ಯಾರ್ಥಿಗಳಿಗೆ ಬಾಯಿಪಾಠ ಮಾಡಿಸುತ್ತೇವೆ. ಆದರೆ ಆ ಪಾದ್ರಿಗಳ ಮುಂದೆ ಚಾಪೆಯ ಮೇಲೆ ಕುಳಿತು ಕೇಳಿದವರು ಯಾರು? ಕೇಳಿ ಎದ್ದು ಮನೆಗೆ ಹೋದಾಗ ಅವರಿಗೆ ಮನೆಯ ಬಾಗಿಲು ತೆರೆದಿತ್ತೆ? ಇದು ಪಾಠಪುಸ್ತಕದಲ್ಲಿಲ್ಲ. ಅಂದು ಆ ಬೆಂಚಿನ ಮೇಲೆ ಕುಳಿತಿದ್ದ ಮೂವರಲ್ಲಿ ಇತ್ತು: ಒಬ್ಬರು ಈ ಅಜ್ಜ, ಮಿಷನ್ ಶಾಲೆಯಲ್ಲಿ ಮಾಸ್ತರರಾಗಿ ನಿವೃತ್ತರಾದವರು, ಇನ್ನೊಬ್ಬರು ಎಂಬತ್ತಾರರ ಅಜ್ಜಿ, ಮೂರನೆಯವರು ಬಹುಕಾಲ ಸಭೆಯ ಲೆಕ್ಕ ಬರೆದ, ಎಂಬತ್ತರ ಹೊಸ್ತಿಲಲ್ಲಿರುವ ಕೃಷಿಕರು. ಹೆಸರುಗಳನ್ನೂ ಊರ ಹೆಸರನ್ನೂ ಬರೆಯಬಾರದೆಂದು ಮೊದಲೇ ಮಾತು ತೆಗೆದುಕೊಂಡರು. ಏಕೆಂಬುದು ಮುಂದೆ ಓದುಗರಿಗೇ ತಿಳಿದೀತು.

ಹಿರಿಯರೆಂದರೆ ಯಾರು?

ಗ್ರೀಕ್ ಭಾಷೆಯಲ್ಲಿ 'ಪ್ರೆಸ್ಬಿತೆರೋಸ್' ಎಂದರೆ ಹಿರಿಯ. ಬಿಷಪ್ಪರ ಅಧಿಕಾರಕ್ಕೆ ಬದಲಾಗಿ ಸಭೆಯೇ ಆರಿಸಿದ ಹಿರಿಯರ ಮಂಡಳಿಯೊಂದು ಬೋಧಕರೊಡನೆ ಕುಳಿತು ಸಭೆಯನ್ನು ನಡೆಸುವ ಪದ್ಧತಿಗೆ ಆ ಮಾತಿನಿಂದಲೇ ಪ್ರೆಸ್ಬಿಟೇರಿಯನ್ ಎಂಬ ಹೆಸರು ಬಂದಿತು. ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ ಕ್ಯಾಲ್ವಿನ್ ರೂಪಿಸಿದ ಈ ಕ್ರಮ ಜಾನ್ ನಾಕ್ಸನ ಮೂಲಕ ಸ್ಕಾಟ್ಲೆಂಡಿಗೆ ಹೋಗಿ ಅಲ್ಲಿ ಬೇರೂರಿತು. ಬಾಸೆಲ್ ಸಹ ಸ್ವಿಟ್ಜರ್ಲೆಂಡಿನದೇ ಊರು. ಅಲ್ಲಿ ೧೮೧೫ರಲ್ಲಿ ಸ್ಥಾಪಿತವಾದ ಮಿಷನ್, ಸುಧಾರಿತ ಪಂಥದವರೂ ಜರ್ಮನಿಯ ಲೂಥರ್ ಪಂಥದವರೂ ಕೂಡಿ ನಡೆಸಿದ ಸಂಸ್ಥೆ. ಆದುದರಿಂದ ನಮ್ಮ ಕರಾವಳಿಯ ಈ ಸಭೆಗಳನ್ನು ಅಚ್ಚ ಪ್ರೆಸ್ಬಿಟೇರಿಯನ್ ಎನ್ನುವಂತಿಲ್ಲ. ಆದರೂ ಮನೆಯ ಕಟ್ಟೋಣ ಅದೇ ಬಗೆಯದು. ಇಲ್ಲಿಯೂ ಹಳ್ಳಿಯ ಸಭೆಯ ಆಗುಹೋಗುಗಳನ್ನು ನೋಡಿಕೊಂಡವರು ಚುನಾಯಿತರಾದ 'ಸಭಾಹಿರಿಯರು'. ಮಿಷನರಿಯ ಮೇಲ್ವಿಚಾರಣೆ ತಲೆಯ ಮೇಲೆ ಇದ್ದೇ ಇತ್ತು. ಆದರೆ ಅವರು ಉಡುಪಿಯಲ್ಲೋ ಮೂಲ್ಕಿಯಲ್ಲೋ ಇದ್ದು ಆಗೊಮ್ಮೆ ಈಗೊಮ್ಮೆ ಬರುವವರು. ದಿನನಿತ್ಯ ಇದ್ದವರು ಉಪದೇಶಿ ಮತ್ತು ಹಿರಿಯರು.

"ಹಿರಿಯರೆಂದರೆ ಸುಮ್ಮನೆ ಅಲ್ಲ ಮಾಸ್ಟ್ರೆ," ಎಂದರು ಲೆಕ್ಕದ ಅಜ್ಜ. "ಯಾರ ಮನೆಯಲ್ಲಿ ಜಗಳ, ಯಾರು ಗಡಂಗಿಗೆ ಹೋದರು, ಯಾರು ಸಾಲ ತೀರಿಸಲಿಲ್ಲ, ಯಾವ ವಿಧವೆಯ ಮನೆಯಲ್ಲಿ ಒಲೆ ಉರಿಯಲಿಲ್ಲ, ಎಲ್ಲ ಅವರಿಗೆ ಗೊತ್ತಿರಬೇಕು. ಆದಿತ್ಯವಾರ ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳುವ ಮಾನವೂ ಅವರದು, ಬೈಗುಳವೂ ಅವರದು."

ಕಟ್ಟಪುಣಿಯ ಮೇಲಿನ ಕೊಡ

೧೮೩೩ರ ಸನ್ನದಿನಿಂದ ಈಸ್ಟ್ ಇಂಡಿಯಾ ಕಂಪೆನಿಯ ಸೀಮೆಯ ಬಾಗಿಲು ಬ್ರಿಟಿಷರಲ್ಲದ ಮಿಷನರಿಗಳಿಗೂ ತೆರೆಯಿತು. ಮರುವರ್ಷವೇ, ೧೮೩೪ರ ಅಕ್ಟೋಬರಿನಲ್ಲಿ, ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿ ಇಳಿದು ಅದೇ ತಿಂಗಳ ೩೦ರಂದು ಮಂಗಳೂರನ್ನು ತಲುಪಿದರು. ಅಲ್ಲಿಂದ ಮೂಲ್ಕಿ, ಉಡುಪಿಗಳ ಕಡೆಗೆ ಕೆಲಸ ಹಬ್ಬಿತು. ತುಳುನಾಡಿನಲ್ಲಿ ಅವರ ಮಾತಿಗೆ ಕಿವಿಗೊಟ್ಟವರಲ್ಲಿ ಹೆಚ್ಚಿನವರು ಬಿಲ್ಲವರು: ಶೇಂದಿ ಇಳಿಸುವವರು, ಗೇಣಿಗೆ ಗದ್ದೆ ಮಾಡುವವರು, ಊರ ದೊಡ್ಡ ದೇವಸ್ಥಾನಗಳಿಗೆ ಹೊರಗಿನಿಂದಲೇ ಕೈಮುಗಿಯಬೇಕಾಗಿದ್ದವರು. ಘಟ್ಟದ ಕೆಳಗಿನ ಕೆಥೊಲಿಕರಲ್ಲಿ ಪೋರ್ಚುಗೀಸ್ ಹೆಸರುಗಳು ನೆಲೆಯಾದಂತೆ ಇವರಲ್ಲಿ ಆಗಲಿಲ್ಲ. ಬಂಗೇರ, ಕೋಟ್ಯಾನ್ ಮೊದಲಾದ 'ಬರಿ'ಯ ಹೆಸರುಗಳನ್ನು ಅನೇಕರು ಹಾಗೆಯೇ ಉಳಿಸಿಕೊಂಡರು.

ಹೆಸರು ಉಳಿಯಿತು, ಮನೆ ಉಳಿಯಲಿಲ್ಲ. ತುಳುನಾಡಿನ ಅಳಿಯಸಂತಾನದ ಕಟ್ಟನ್ನು ತಿಳಿಯದವರಿಗೆ ಇದು ಅರ್ಥವಾಗುವುದು ಕಷ್ಟ. ಅಲ್ಲಿ ಗಂಡಸು ತನ್ನ ತಾಯಿಯ ಕುಟುಂಬಕ್ಕೆ ಸೇರಿದವನು. ಆಸ್ತಿ ಇಳಿಯುವುದು ಅವನ ಮಕ್ಕಳಿಗಲ್ಲ, ಸೋದರಿಯ ಮಕ್ಕಳಿಗೆ. ಮತಾಂತರವಾದ ಮಾತ್ರಕ್ಕೆ ಆಸ್ತಿಯ ಹಕ್ಕು ಹೋಗದೆಂದು ೧೮೫೦ರ ಕಾಯಿದೆಯೇನೋ ಹೇಳಿತು. ಆದರೆ ಕುಟುಂಬವನ್ನೊಡೆದು ಪಾಲು ಕೇಳುವ ಹಕ್ಕೇ ಅಳಿಯಸಂತಾನದವರಿಗೆ ಇರಲಿಲ್ಲ. ಅದು ಬಂದುದು ೧೯೪೯ರ ಮದರಾಸು ಕಾನೂನಿನಿಂದ. ಪಾಲೇ ಇಲ್ಲದ ಮೇಲೆ ಹಕ್ಕಿದ್ದರೇನು, ಇಲ್ಲದಿದ್ದರೇನು? ದೀಕ್ಷಾಸ್ನಾನ ಪಡೆದವನು ಉಟ್ಟ ಬಟ್ಟೆಯಲ್ಲಿ ಹೊರಡಬೇಕಾಗುತ್ತಿತ್ತು.

ಅಜ್ಜಿಯ ತಂದೆಯ ತಂದೆ ಹೀಗೆ ಹೊರಟವರು. ಹತ್ತೊಂಬತ್ತನೆಯ ಶತಮಾನ ಮುಗಿಯುತ್ತಿದ್ದ ಕಾಲ. ಹೆಂಡತಿ ಕೂಸನ್ನೆತ್ತಿಕೊಂಡು ತನ್ನ ತಾಯಿಮನೆಗೆ ಹೋದಳು. ಸೋದರಮಾವ ಯಜಮಾನ, ಅವನು ಅಂಗಳಕ್ಕೆ ಕಾಲಿಡಬೇಡವೆಂದ. ಗುಡ್ಡದ ಬುಡದಲ್ಲಿ, ಈಗ ದೇವಾಲಯವಿರುವಲ್ಲಿಗೆ ಕೂಗಳತೆಯ ದೂರದಲ್ಲಿ, ಮಡಲಿನ ಗುಡಿಸಲೊಂದನ್ನು ಕಟ್ಟಿಕೊಂಡರು. ಊರ ಬಾವಿಗಳು ಅವರಿಗೆ ಮುಚ್ಚಿದವು.

"ಬೇಸಗೆ," ಎಂದರು ಅಜ್ಜಿ. "ತೋಡು ಬತ್ತಿತ್ತು. ಅಜ್ಜ ಅರ್ಧ ಹರದಾರಿ ನಡೆದು ನೀರು ತರುತ್ತಿದ್ದರಂತೆ. ಒಂದು ದಿನ ಮೂರುಸಂಜೆ ಬರುವಾಗ ಗದ್ದೆಯ ಕಟ್ಟಪುಣಿಯ ಮೇಲೆ ಒಂದು ತಾಮ್ರದ ಕೊಡ, ತುಂಬಿದ ನೀರು, ಬಾಯಿಗೆ ಬಾಳೆಲೆ. ಯಾರೂ ಇಲ್ಲ. ಅಜ್ಜನಿಗೆ ಕೊಡದ ಗುರುತಾಯಿತು, ಅವರ ಮನೆಯದೇ. ಅಕ್ಕ ಇಟ್ಟು ಹೋಗಿದ್ದರು. ನೀರು ಹೊಯ್ದುಕೊಂಡು ಖಾಲಿ ಕೊಡ ಅಲ್ಲೇ ಇಟ್ಟರು. ಮರುದಿನವೂ ತುಂಬಿದ ಕೊಡ. ಮಳೆ ಹಿಡಿಯುವ ತನಕ ಒಂದು ದಿನ ತಪ್ಪಲಿಲ್ಲ. ಮಾತಿಲ್ಲ, ಮುಖ ನೋಡುವುದಿಲ್ಲ. ಮಾವನಿಗೆ ಗೊತ್ತಾದರೆ ಅವರನ್ನೂ ಇಡುತ್ತಿರಲಿಲ್ಲ."

ಅಳಿಯಸಂತಾನದಲ್ಲಿ ಕುಟುಂಬದ ಬಳ್ಳಿ ಮುಂದುವರಿಯುವುದು ಆ ಅಕ್ಕನಿಂದಲೇ. ತಮ್ಮ ಹೊರಬಿದ್ದರೆ ಅವಳ ಮಕ್ಕಳಿಗೆ ನಷ್ಟವೇನೂ ಇರಲಿಲ್ಲ. ಅವಳು ಸುಮ್ಮನಿದ್ದಿದ್ದರೆ ಯಾರೂ ಏನೂ ಎನ್ನುತ್ತಿರಲಿಲ್ಲ.

ಹಂಚು, ಮಗ್ಗ ಮತ್ತು ತುಳು ಪುಸ್ತಕ

ಮನೆ ಮಠ ಕಳೆದುಕೊಂಡು ಬಂದವರಿಗೆ ಅನ್ನದ ದಾರಿ ಯಾವುದು? ಶೇಂದಿಯ ಕಸುಬು ಬಿಡಬೇಕೆಂಬುದು ಮಿಷನಿನ ನಿಯಮ. ಒಡೆಯರು ಗೇಣಿಯ ಗದ್ದೆಯನ್ನು ಬಿಡಿಸಿಕೊಂಡರೆ ಆ ಕಡೆಯೂ ಕೈ ಖಾಲಿ. ಮಿಷನಿನ ಕೈಗಾರಿಕೆಗಳು ಈ ಕಷ್ಟದಿಂದಲೇ ಹುಟ್ಟಿದವು. ಮಂಗಳೂರಿನ ನೇಯ್ಗೆಯ ಶಾಲೆಗೆ ೧೮೫೧ರಲ್ಲಿ ಹಾಲರ್ ಬಂದರು. ಖಾಕಿ ಬಣ್ಣದ ಬಟ್ಟೆ ಹೆಸರು ಪಡೆದುದು ಅಲ್ಲಿನ ಮಗ್ಗಗಳಿಂದ. ೧೮೬೫ರಲ್ಲಿ ಪ್ಲೆಬ್ಸ್ಟ್ ಎಂಬವರು ಜೆಪ್ಪುವಿನಲ್ಲಿ ನೇತ್ರಾವತಿಯ ದಡದ ಜೇಡಿಯನ್ನು ಅಚ್ಚಿಗೆ ಹಾಕಿ ಹಂಚು ಸುಟ್ಟರು. ಮುಳಿಹುಲ್ಲಿನ ಮಾಡುಗಳ ನಾಡು ಮೆಲ್ಲಮೆಲ್ಲನೆ ಕೆಂಪು ಮಾಡುಗಳ ನಾಡಾಯಿತು. ಮಲ್ಪೆಯಲ್ಲಿಯೂ ಮಿಷನಿನ ಹಂಚಿನ ಕಾರ್ಖಾನೆ ಎದ್ದಿತು. ನಮ್ಮ ಈ ಹಳ್ಳಿಯಿಂದ ಹಲವರು ಅಲ್ಲಿಗೆ ಕೆಲಸಕ್ಕೆ ಹೋದರು. ವಾರಕ್ಕೊಮ್ಮೆ ಊರಿಗೆ ಬಂದರು. ಅವರ ಕೂಲಿಯಲ್ಲಿಯೇ ದೇವಾಲಯದ ಗೋಡೆ ಎದ್ದಿತೆಂದು ಅಜ್ಜನ ಹೇಳಿಕೆ. ಮೊದಲು ಮುಳಿಹುಲ್ಲಿನ ಮಾಡಿದ್ದಿತಂತೆ. ಹಂಚು ಬಂದುದು ಆಮೇಲೆ, ದೋಣಿಯಲ್ಲಿ ಹೊಳೆಯವರೆಗೆ, ಅಲ್ಲಿಂದ ತಲೆಹೊರೆಯಲ್ಲಿ.

ಕೈಗೆ ಕಸುಬು ಬಂದಂತೆ ಕಣ್ಣಿಗೆ ಅಕ್ಷರವೂ ಬಂದಿತು. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯ ೧೮೪೧ರಲ್ಲಿ ಕೆಲಸ ತೊಡಗಿತು. ಮತ್ತಾಯನ ಸುವಾರ್ತೆ ೧೮೪೨ರಲ್ಲಿ ತುಳುವಿನಲ್ಲಿ ಅಚ್ಚಾಯಿತು. ೧೮೪೭ಕ್ಕೆ ಹೊಸ ಒಡಂಬಡಿಕೆಯೆಲ್ಲ ತುಳುವಿಗೆ ಬಂದಿತು. ಅವನ್ನು ಮುದ್ರಿಸಿದುದು ಕನ್ನಡ ಲಿಪಿಯಲ್ಲಿ. ತುಳುವನ್ನು ಕನ್ನಡ ಅಕ್ಷರಗಳಲ್ಲಿ ಬರೆಯುವ ಇಂದಿನ ರೂಢಿಗೆ ಈ ಅಚ್ಚಿನಮನೆಯೇ ಅಡಿಪಾಯ ಹಾಕಿತು. ಬ್ರಿಗೆಲರ ತುಳು ವ್ಯಾಕರಣ ೧೮೭೨ರದು, ಮೆನ್ನರರ ತುಳು ನಿಘಂಟು ೧೮೮೬ರದು. ಭೂತಾರಾಧನೆಯನ್ನು ಬಿಡಿಸಬೇಕೆಂದು ಬಂದ ಇದೇ ಮೆನ್ನರರು ೧೮೮೬ರಲ್ಲಿಯೇ ಭೂತಗಳ ಪಾಡ್ದನಗಳನ್ನೂ ಸಂಗ್ರಹಿಸಿ ಅಚ್ಚುಹಾಕಿಸಿದರೆಂಬುದು ಚರಿತ್ರೆಯ ಒಂದು ವಿನೋದ.

"ಮನೆಯಲ್ಲಿ ತುಳು, ದೇವಾಲಯದಲ್ಲಿ ಕನ್ನಡ, ರಾಗ ಜರ್ಮನಿಯದು," ಎಂದು ಅಜ್ಜಿ ನಕ್ಕರು. "ನಮ್ಮ ಅಜ್ಜಿಗೆ ಕನ್ನಡ ಸರಿ ಬರುತ್ತಿರಲಿಲ್ಲ. ಆದರೆ ಸಂಗೀತಪುಸ್ತಕದ ತುಳು ಪದಗಳೆಲ್ಲ ಬಾಯಿಗೆ ಬರುತ್ತಿದ್ದವು. ನಾಟಿಗೆ ಇಳಿದರೆ ಹೆಂಗಸರು ಗದ್ದೆಯಲ್ಲಿ ಅದನ್ನೇ ಹಾಡುತ್ತಿದ್ದರು. ಪಕ್ಕದ ಗದ್ದೆಯಲ್ಲಿ ಪಾಡ್ದನ, ಈ ಗದ್ದೆಯಲ್ಲಿ ದೇವರ ಪದ." ಆ ಅಜ್ಜಿಯೇ ಕೂಸನ್ನೆತ್ತಿಕೊಂಡು ತಾಯಿಮನೆಗೆ ಹೋಗಿದ್ದವಳು. ಎರಡು ವರ್ಷ ಕಳೆದ ಮೇಲೆ ಒಂದು ಮಳೆಯ ರಾತ್ರಿ ಕೊರಂಬು ಹೊದ್ದು, ಮಗುವಿನ ಕೈಹಿಡಿದು, ಗುಡಿಸಲಿನ ಬಾಗಿಲಿಗೆ ಬಂದಳಂತೆ. ಏಕೆ ಬಂದಳೆಂದು ಯಾರಿಗೂ ಹೇಳಲಿಲ್ಲ. ದಾಖಲೆಯಲ್ಲಿ ಅವಳ ದೀಕ್ಷಾಸ್ನಾನದ ದಿನ ಮಾತ್ರ ಇದೆ.

ದೊರೆ ಬಾರದ ತಿಂಗಳು

೧೯೧೪ರಲ್ಲಿ ಮಾಸ್ತರಜ್ಜನ ತಂದೆ ಹದಿನಾಲ್ಕು ವರ್ಷದ ಹುಡುಗ. ಉಡುಪಿಯಿಂದ ಪಾದ್ರಿ ದೊರೆಯ ಎತ್ತಿನ ಗಾಡಿ ಬರುವ ದಿನ ಊರ ತಲೆಬದಿಯಲ್ಲಿ ಕಾದು ನಿಂತು, ಅವರ ಪುಸ್ತಕದ ಪೆಟ್ಟಿಗೆಯನ್ನು ಹೊತ್ತು ತರುವುದು ಆ ಹುಡುಗನ ಪಾಲಿನ ಗೌರವ. ಆ ಬಾರಿ ಕತ್ತಲಾಗುವವರೆಗೆ ಕಾದ, ಗಾಡಿ ಬರಲಿಲ್ಲ. ಮುಂದಿನ ಆದಿತ್ಯವಾರ ಉಪದೇಶಿ ಸುದ್ದಿ ಹೇಳಿದರು: ದೂರದಲ್ಲಿ ದೊಡ್ಡ ಯುದ್ಧ ತೊಡಗಿದೆ, ನಮ್ಮ ದೊರೆಯ ಅರಸನೂ ಕಲೆಕ್ಟರ ದೊರೆಯ ಅರಸನೂ ಬದ್ಧವೈರಿಗಳಾಗಿದ್ದಾರೆ.

"ಸಭೆಯವರಿಗೆ ತಲೆಬುಡ ತಿಳಿಯಲಿಲ್ಲವಂತೆ," ಎಂದರು ಅಜ್ಜ. "ಬಿಳಿಯರಲ್ಲಿಯೂ ಬೇರೆ ಬೇರೆ ಜಾತಿ ಉಂಟೇ ಎಂದು ಕೇಳಿದರಂತೆ!"

ಜರ್ಮನ್ ಮಿಷನರಿಗಳನ್ನು ಸರಕಾರ ಅಹಮದ್‌ನಗರದ ಬಂದೀಶಿಬಿರಕ್ಕೆ ಒಯ್ದು ಮುಂದೆ ಅವರ ದೇಶಕ್ಕೆ ಹಿಂದಿರುಗಿಸಿತು. ಸ್ವಿಸ್ ಪ್ರಜೆಗಳಾದ ಕೆಲವರು ಮಾತ್ರ ಉಳಿದುಕೊಂಡರು. ಮಗ್ಗ ಮತ್ತು ಹಂಚಿನ ಕಾರ್ಖಾನೆಗಳು ಮಿಷನಿನ ಕೈತಪ್ಪಿ ಯುದ್ಧಾನಂತರ ಕಾಮನ್‌ವೆಲ್ತ್ ಟ್ರಸ್ಟಿನ ವಶವಾದವು. ಇದೇ ದೇವಾಲಯದ ಮಾಡನ್ನು ಒಳಗಿನಿಂದ ದಿಟ್ಟಿಸಿ ನೋಡಿದರೆ ಎರಡೂ ಮುದ್ರೆಗಳ ಹಂಚುಗಳು ಅಕ್ಕಪಕ್ಕದಲ್ಲಿ ಕಾಣಸಿಗುತ್ತವೆ. ಹಳೆಯವು ಮಿಷನಿನವು, ಒಡೆದುಹೋದವಕ್ಕೆ ಬದಲಾಗಿ ಹೊದಿಸಿದವು ಕಾಮನ್‌ವೆಲ್ತಿನವು.

ಹಣ ಬರುವ ದಾರಿ ಕಟ್ಟಿತು. ಉಪದೇಶಿಯ ಸಂಬಳಕ್ಕೂ ಸಂಚಕಾರ ಬಂದಿತು. ಹಿರಿಯರು ಇದೇ ಜಗಲಿಯಲ್ಲಿ ಕುಳಿತು ತೀರ್ಮಾನಿಸಿದರು: ಪ್ರತಿ ಮನೆಯಲ್ಲಿಯೂ ಅನ್ನಕ್ಕೆ ಅಕ್ಕಿ ಅಳೆಯುವಾಗ ಮೊದಲು ಒಂದು ಹಿಡಿ ಬೇರೆ ಮಡಕೆಗೆ ಹಾಕಬೇಕು, ಆದಿತ್ಯವಾರ ಅದನ್ನು ತಂದು ಸುರಿಯಬೇಕು, ಅದರಲ್ಲಿ ಉಪದೇಶಿಯ ಸಂಸಾರಕ್ಕೆ ಬೇಕಾದಷ್ಟು ಕೊಟ್ಟು ಉಳಿದುದನ್ನು ಮಾರಬೇಕು. ಹಿಡಿಯಕ್ಕಿಯ ಪದ್ಧತಿ ಮೊದಲೂ ಇತ್ತು. ಆಗ ಅದು ಭಕ್ತಿಯ ಕಾಣಿಕೆ, ಈಗ ಸಭೆಯ ಜೀವಾಧಾರ. ಯುದ್ಧದ ಆ ವರ್ಷಗಳಲ್ಲಿ ಒಂದು ಆದಿತ್ಯವಾರವೂ ಆರಾಧನೆ ನಿಲ್ಲಲಿಲ್ಲವೆಂದು ಅಜ್ಜ ಬೆರಳೆತ್ತಿ ಹೇಳಿದರು.

"ದೊರೆ ಇದ್ದಷ್ಟು ಕಾಲ ಇದು ಮಿಷನಿನ ದೇವಾಲಯ. ದೊರೆ ಹೋದ ಮೇಲೆ ನಮ್ಮದಾಯಿತು, ಎಂದು ನನ್ನ ಅಪ್ಪ ಹೇಳುತ್ತಿದ್ದರು."

ಗಂಟೆ ಯಾರದು?

ಮೂವರಲ್ಲಿ ಅಂದು ಒಂದು ವಾದವೂ ನಡೆಯಿತು. ಅಂಗಳದ ಗಂಟೆ ಜರ್ಮನಿಯ ದೊರೆ ಕೊಟ್ಟ ದಾನವೆಂದು ಮಾಸ್ತರಜ್ಜ. ಅಲ್ಲ, ಅದು ನಮ್ಮ ಹೆಂಗಸರ ಅಕ್ಕಿಯ ಗಂಟೆಯೆಂದು ಅಜ್ಜಿ. ಇಬ್ಬರೂ ಬಾಲ್ಯದಿಂದ ಕೇಳಿದ್ದನ್ನೇ ಹೇಳುವವರು. ಗಂಟೆಯ ಮೈಮೇಲಿನ ಅಕ್ಷರಗಳು ಅಲ್ಲಿಯವೇ. ಆದುದರಿಂದ ಅಜ್ಜನ ಮಾತು ಗೆದ್ದಂತೆಯೇ ಕಂಡಿತು.

ಲೆಕ್ಕದ ಅಜ್ಜ ಎದ್ದುಹೋಗಿ ಕಪಾಟಿನಿಂದ ಗೆದ್ದಲು ಹಿಡಿದ ಪುಸ್ತಕವೊಂದನ್ನು ತಂದರು. ಯುದ್ಧಕ್ಕಿಂತ ಮುಂಚಿನದು. ಕಂದಿದ ಮಸಿಯಲ್ಲಿ, ಮೋಡಿಯಿಲ್ಲದ ದುಂಡಕ್ಷರದಲ್ಲಿ, ತಿಂಗಳಿಗೊಂದು ನಮೂದು: 'ಗಂಟೆಯ ಬಾಬ್ತು, ಅಕ್ಕಿ ಮಾರಿದ್ದು.' ಅದರ ಮುಂದೆ ಆಣೆಗಳ ಲೆಕ್ಕ. ಆರಾಣೆ, ನಾಲ್ಕಾಣೆ, ಒಂದು ತಿಂಗಳು ಬರಿಯ ಎರಡಾಣೆ. ಅದು ಆಟಿಯ ತಿಂಗಳಿರಬೇಕೆಂದು ಅಜ್ಜಿ ಹೇಳಿದರು; ಆಟಿಯಲ್ಲಿ ಮಡಕೆಗೆ ಹಾಕಲು ಹಿಡಿಯಕ್ಕಿಯೂ ಇರುತ್ತಿರಲಿಲ್ಲವಲ್ಲ!

ಗಂಟೆಯನ್ನು ಎರಕ ಹೊಯ್ದುದು ಅಲ್ಲಿ. ಬೆಲೆ ತೆತ್ತುದು ಇಲ್ಲಿ. ತರಿಸಿಕೊಟ್ಟವರ ಹೆಸರು ಊರ ಬಾಯಲ್ಲಿ ಉಳಿಯಿತು. ತೆತ್ತವರ ಹೆಸರು ಮರೆಯಿತು. ಮಾಸ್ತರಜ್ಜ ಕನ್ನಡಕವನ್ನು ಸರಿಪಡಿಸಿಕೊಂಡು ಪುಟಗಳನ್ನು ತಿರುವಿದರು. "ಎಂಬತ್ತು ವರ್ಷ ತಪ್ಪು ಹೇಳಿದೆನಲ್ಲ!" ಎಂದು ನಿಡುಸುಯ್ದರು. ಅಜ್ಜಿ ಗೆದ್ದರೂ ಹಿಗ್ಗಲಿಲ್ಲ. ಅವರ ಮನಸ್ಸು ಬೇರೊಂದು ಪುಸ್ತಕದ ಮೇಲಿತ್ತೆಂದು ಆಮೇಲೆ ತಿಳಿಯಿತು.

ದಾಖಲೆಯ ಒಂದು ಸಾಲು

"ಅದನ್ನೂ ತೋರಿಸು," ಎಂದು ಅಜ್ಜಿ ಲೆಕ್ಕದ ಅಜ್ಜನಿಗೆ ಹೇಳಿದರು. ಅವರು ಮಾಸ್ತರಜ್ಜನ ಮುಖ ನೋಡಿದರು. ಮಾಸ್ತರಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು ತಲೆಯಾಡಿಸಿದರು.

ಅದು ಹಿರಿಯರ ಮಂಡಳಿಯ ನಡವಳಿ ಪುಸ್ತಕ. ಯುದ್ಧ ಮುಗಿದ ಕೆಲವು ವರ್ಷಗಳ ಮೇಲಿನ ಒಂದು ಪುಟದಲ್ಲಿ ಅಜ್ಜಿಯ ಅಜ್ಜನ ಹೆಸರಿತ್ತು. ಅನ್ಯರ ಉತ್ತರಕ್ರಿಯೆಯ ಊಟದಲ್ಲಿ ಸೇರಿದ ಕಾರಣ ಆರು ತಿಂಗಳು ಪವಿತ್ರ ಭೋಜನದಿಂದ ದೂರ ಇಡಲಾಗಿದೆ ಎಂದು ಒಂದೇ ಸಾಲು. ಕೆಳಗೆ ಹಿರಿಯರ ರುಜುಗಳು.

ಪುಸ್ತಕ ಹೇಳಿದುದು ಅಷ್ಟು. ಉಳಿದುದನ್ನು ಅಜ್ಜಿ ಹೇಳಿದರು. ಸತ್ತವಳು ಆ ಅಕ್ಕ, ಕಟ್ಟಪುಣಿಯ ಮೇಲೆ ಕೊಡ ಇಟ್ಟವಳು. ಬೊಜ್ಜದ ದಿನ ತಮ್ಮ ಹೋದರು. ಕ್ರಿಯೆಗೆ ಕೈ ಹಾಕಲಿಲ್ಲ. ದೊಡ್ಡ ಮನೆಯವರು ಅಂಗಳದ ಕೊನೆಯಲ್ಲಿ ಬೇರೆ ಎಲೆ ಹಾಕಿದರು. ಮೂವತ್ತು ವರ್ಷಗಳ ಮೇಲೆ ಆ ಮನೆಯ ಅನ್ನ. ಉಂಡು ಎದ್ದು ಬಂದರು. ಅವರನ್ನು ಹೊರಗೆ ಹಾಕಿದ್ದ ಮನೆ ಅಂದು ಎಲೆ ಹಾಕಿತು. ಅವರನ್ನು ಒಳಗೆ ಕರೆದಿದ್ದ ಸಭೆ ಆರು ತಿಂಗಳು ಜಗಲಿಯಲ್ಲಿ ಕೂರಿಸಿತು.

"ಅಜ್ಜ ಸಭೆ ಬಿಡಲಿಲ್ಲ," ಎಂದರು ಅಜ್ಜಿ. "ಆರು ತಿಂಗಳು ಆದಿತ್ಯವಾರ ತಪ್ಪದೆ ಬಂದು ಜಗಲಿಯಲ್ಲಿ ಕುಳಿತರಂತೆ. ತಪ್ಪಾಯಿತೆಂದು ಮಾತ್ರ ಹೇಳಲಿಲ್ಲ."

"ಮೊದಲ ರುಜು ನನ್ನ ಅಜ್ಜನದು," ಎಂದರು ಮಾಸ್ತರಜ್ಜ. ದನಿ ತಗ್ಗಿತ್ತು. "ದೊರೆ ಇಲ್ಲದ ಕಾಲದಲ್ಲಿ ಸಭೆಯನ್ನು ಉಳಿಸಿದವರೂ ಅವರೇ, ಇದನ್ನು ಬರೆದವರೂ ಅವರೇ. ಆಗ ಮೇಲೆ ಯಾವ ದೊರೆಯ ಒತ್ತಾಯವೂ ಇರಲಿಲ್ಲ. ನಾವಾಗಿಯೇ ಮಾಡಿದ್ದು. ಅವರಿಗೆ ಭಯ ಇತ್ತು ಮಾಸ್ಟ್ರೆ. ಒಬ್ಬ ಹಿಂದೆ ಹೋದರೆ ಎಲ್ಲರೂ ಹೋಗಿಬಿಟ್ಟಾರೆಂದು. ಆದರೂ ಅದು ತಪ್ಪು. ಬರೆಯಿರಿ, ತಪ್ಪು ಎಂದು ಬರೆಯಿರಿ. ಹೆಸರು ಬೇಡ."

ಊರ ಹೆಸರನ್ನು ನಾನು ಏಕೆ ಬರೆದಿಲ್ಲವೆಂಬುದು ಈಗ ಓದುಗರಿಗೆ ತಿಳಿದಿರಬೇಕು. ದೊಡ್ಡ ಮನೆ ಇನ್ನೂ ಅಲ್ಲಿಯೇ ಇದೆ. ಕ್ರಿಸ್ಮಸ್ಸಿಗೆ ಈ ಮನೆಯ ತಿಂಡಿ ಅಲ್ಲಿಗೆ ಹೋಗುತ್ತದೆ. ತೋಟದ ಮೊದಲ ಬಾಳೆಗೊನೆ ಬೆಳೆಹಬ್ಬದ ಏಲಮಿಗೆ ಅಲ್ಲಿಂದ ಬರುತ್ತದೆ. ಗಾಯ ಮಾಯ್ದ ಮೈಯನ್ನು ಕೆದಕುವುದು ಯಾರಿಗೂ ಬೇಡ.

ಬೆಂಚು ಖಾಲಿಯಾಗುವ ಮುನ್ನ

ಆಮೇಲಿನ ಇತಿಹಾಸ ಬೇಗ ಬೇಗನೆ ಸಾಗುತ್ತದೆ. ೧೯೦೮ರಲ್ಲಿಯೇ ದಕ್ಷಿಣದ ಪ್ರೆಸ್ಬಿಟೇರಿಯನ್ನರೂ ಕಾಂಗ್ರಿಗೇಶನಲ್ ಪಂಥದವರೂ ಒಂದಾಗಿದ್ದರು. ಅವರೂ ಆಂಗ್ಲಿಕನ್ನರೂ ಮೆಥಡಿಸ್ಟರೂ ಕೂಡಿ ೧೯೪೭ರ ಸೆಪ್ಟೆಂಬರ್ ೨೭ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆ ಹುಟ್ಟಿತು. ಕರಾವಳಿಯ ಬಾಸೆಲ್ ಮಿಷನ್ ಸಭೆಗಳು ಒಡನೆಯೇ ಸೇರದೆ, ಬಹುಕಾಲ ಯೋಚಿಸಿ ಆಮೇಲೆ ಬಂದವು. ಹಿರಿಯರ ಮಂಡಳಿಯ ಮೇಲೆ ಬಿಷಪ್ಪರು ಬಂದರು. ೧೯೭೪ರ ಭೂಸುಧಾರಣೆಯಲ್ಲಿ 'ಡಿಕ್ಲರೇಶನ್' ಕೊಟ್ಟು ಲೆಕ್ಕದ ಅಜ್ಜ ತಾವು ಉಳುತ್ತಿದ್ದ ಗೇಣಿಯ ಗದ್ದೆಗೆ ಒಡೆಯರಾದರು. ಮಕ್ಕಳು ಓದಿದರು, ಮುಂಬಯಿಗೆ, ಕೊಲ್ಲಿಯ ನಾಡುಗಳಿಗೆ ಹೋದರು. ಈಗ ಆದಿತ್ಯವಾರ ಬೆಂಚುಗಳು ಅರ್ಧಕ್ಕರ್ಧ ಖಾಲಿ.

ಮಿಷನರಿಗಳ ಪತ್ರಗಳೂ ವರದಿಗಳೂ ಛಾಯಾಚಿತ್ರಗಳೂ ಬಾಸೆಲ್ ನಗರದಲ್ಲಿ ಭದ್ರವಾಗಿವೆ. ಮಂಗಳೂರಿನ ಬಲ್ಮಠದ ದೈವಜ್ಞಾನ ಕಾಲೇಜಿನಲ್ಲಿಯೂ ಹಳೆಯ ಕಾಗದಗಳ ಭಂಡಾರವಿದೆ. ಅವನ್ನು ಓದಿ ವಿದ್ವಾಂಸರು ಗ್ರಂಥಗಳನ್ನು ಬರೆದಿದ್ದಾರೆ, ಇನ್ನೂ ಬರೆದಾರು. ಆದರೆ ಒಂದು ಹಳ್ಳಿಯ ಸಭೆಯ ಇತಿಹಾಸವನ್ನು ಕಾಗದವೊಂದೇ ಹೇಳಲಾರದು. ನೆನಪೊಂದೇ ಹೇಳಲೂ ಆಗದು. ಗಂಟೆಯ ವಿಷಯದಲ್ಲಿ ನೆನಪು ತಪ್ಪಿತು, ಕಾಗದ ತಿದ್ದಿತು. ಆರು ತಿಂಗಳ ಶಿಕ್ಷೆಯ ವಿಷಯದಲ್ಲಿ ಕಾಗದ ಸುಳ್ಳು ಹೇಳಲಿಲ್ಲ, ಆದರೆ ನಿಜವನ್ನೂ ಹೇಳಲಿಲ್ಲ. ಅದನ್ನು ಹೇಳಲು ಎಂಬತ್ತಾರರ ಅಜ್ಜಿ ಬೇಕಾಯಿತು. ಕಾಗದಕ್ಕೆ ಇನ್ನೂ ನೂರು ವರ್ಷ ಆಯುಷ್ಯವಿದ್ದೀತು. ಬೆಂಚಿನ ಮೇಲೆ ಕುಳಿತ ಮೂವರಿಗೆ ಅಷ್ಟಿಲ್ಲ.

ಈ ದೇವಾಲಯವನ್ನು ಕಟ್ಟಿದವರ ಪಟ್ಟಿಯನ್ನು ಯಾರಾದರೂ ಬರೆಯುವುದಾದರೆ ಅದರಲ್ಲಿ ಮಿಷನರಿಗಳು ಬರಲಿ, ಹಂಚು ಹೊತ್ತವರೂ ಅಕ್ಕಿ ಅಳೆದವರೂ ಬರಲಿ. ಜೊತೆಗೆ, ಒಂದು ದಿನವೂ ಇದರ ಹೊಸ್ತಿಲು ದಾಟದ ಹೆಣ್ಣುಮಗಳೊಬ್ಬಳ ಹೆಸರೂ ಬರಬೇಕು. ಆ ಬೇಸಗೆಯಲ್ಲಿ ಆ ಕೊಡ ಬಾರದಿದ್ದರೆ ಗುಡ್ಡದ ಬುಡದಲ್ಲಿ ಒಬ್ಬ ಮನುಷ್ಯ ನಿಲ್ಲುತ್ತಿದ್ದನೆ?

ಹೊರಡುವ ಹೊತ್ತಿಗೆ ಬಾಗಿಲಲ್ಲಿ ಹಂಚು ತೋರಿಸಿದ್ದ ತರುಣ ಒಳಗೆ ಬಂದು ಚಾಪೆಯ ಮೇಲೆ ಕುಳಿತಿದ್ದ. ಯಾವಾಗ ಬಂದನೋ, ಎಷ್ಟನ್ನು ಕೇಳಿದನೋ ತಿಳಿಯದು. ಮೊಬೈಲನ್ನು ತೆಗೆದು ಧ್ವನಿ ಮುದ್ರಿಸಲು ಅಣಿಮಾಡಿಕೊಂಡು ಅಜ್ಜಿಯ ಮುಂದೆ ಹಿಡಿದ.

"ಮೊದಲಿಂದ ಹೇಳಿ ಅಜ್ಜಿ. ನೀರು ಇಟ್ಟವರ ಹೆಸರೆಂತ?"

ಅಜ್ಜಿ ಬಾಯಿ ತೆರೆದು ತಡೆದರು. ಹುಬ್ಬುಗಂಟಿಕ್ಕಿ ಯೋಚಿಸಿದರು. ನೂರು ಸಲ ಹೇಳಿದ ಕತೆಯಲ್ಲಿ ಆ ಹೆಸರು ಎಂದೂ ಬಂದಿರಲಿಲ್ಲ.

"ಅಕ್ಕ ಎಂದೇ ಹೇಳುತ್ತಿದ್ದರು ಮಗಾ. ಹೆಸರು ಗೊತ್ತಿಲ್ಲ," ಎಂದರು. ಆಮೇಲೆ ಕೋಲನ್ನು ಊರಿ ಎದ್ದರು. "ದೊಡ್ಡ ಮನೆಯಲ್ಲಿ ಯಾರಿಗಾದರೂ ಗೊತ್ತಿದ್ದೀತು. ನಾಳೆ ಬೆಳಿಗ್ಗೆ ನನ್ನನ್ನು ಕರೆದುಕೊಂಡು ಹೋಗು. ಕೇಳಿ ಬರುವಾ."